‘ಉಸಿರು ಎಣಿಸಿದರೆ ಹೋಗ್ಬಿಡತ್ತೆ ಮೇಡಂ’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಸಲಹೆಗೆ ಬಂದವರು ಮೂವತ್ತೈದರ ಆಸುಪಾಸಿನ ಗಂಡಸು. ಏಳು ತಿಂಗಳ ಹಿಂದೆ ಇವರು ಓಡಿಸುತ್ತಿದ್ದ ಕಾರಿಗೆ ಲಾರಿ ಗುದ್ದಿತ್ತು. ಇವರಿಗೆ ಆಗಿದ್ದು ತರಚು ಗಾಯ ಅಷ್ಟೆ. ಪಕ್ಕದಲ್ಲಿದ್ದ ಗೆಳೆಯನ ಕಾಲು ಸಿಕ್ಕಿಕೊಂಡು, ಹೊರಗೆ ತೆಗೆಯಲು ತುಂಬಾ ಹೊತ್ತು ಹಿಡಿಯಿತು. ಆಗ ಅವನು ಕೂಗಿದ್ದು ಇವರ ಕಿವಿಯಿಂದ ಹೋಗಿಲ್ಲ.

ಅಂದಿನಿಂದ ಸ್ಟಿಯರಿಂಗ್ ಮುಟ್ಟಿಲ್ಲ. ಪೆಟ್ರೋಲ್ ವಾಸನೆಗೆ ಮೈ ಬೆವರುತ್ತದೆ. ರಾತ್ರಿ ಕೆಟ್ಟ ಕನಸು. ಬಾಗಿಲು ಬಡಿದರೂ ಬೆಚ್ಚಿಬೀಳುತ್ತಾರೆ. ತಪ್ಪೆಲ್ಲ ತಮ್ಮದೇ ಅಂತ ಕೊರಗು. ಗೆಳೆಯ ಈಗ ನಡೆದಾಡುತ್ತಿದ್ದಾನೆ, ಇವರ ಮೇಲೆ ಕೋಪವೂ ಇಲ್ಲ. ಆದರೂ ಅವನ ಫೋನ್ ತೆಗೆಯುವುದಿಲ್ಲ.

ನುಗ್ಗಿ ಬರುವ ನೆನಪು, ಅದರಿಂದ ತಪ್ಪಿಸಿಕೊಳ್ಳುವುದು, ಮಂಕಾದ ಮನಸ್ಸು, ಸದಾ ಗಾಬರಿಯ ಎಚ್ಚರ. ಈ ನಾಲ್ಕೂ ಬಗೆಯ ತೊಂದರೆ ಒಂದು ತಿಂಗಳಿಗಿಂತ ಜಾಸ್ತಿ ಉಳಿದು ಬದುಕಿಗೆ ಅಡ್ಡಿಯಾದರೆ ಪಿಟಿಎಸ್‌ಡಿ (ದೊಡ್ಡ ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ) ಇದೆಯಾ ಅಂತ ನೋಡಲೇಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಕಳಿಸಿದೆ. ಅವರೂ ಹೌದೆಂದರು.

ನನ್ನ ಗಮನ ಸೆಳೆದದ್ದು ಬೇರೆ. ಇವರು ತಿಂಗಳುಗಳಿಂದ ಆ್ಯಪ್ ಹಾಕಿಕೊಂಡು ಮೈಂಡ್‌ಫುಲ್‌ನೆಸ್ (ಈ ಕ್ಷಣ ಒಳಗೂ ಹೊರಗೂ ಆಗುತ್ತಿರುವುದನ್ನು ಸುಮ್ಮನೆ ಗಮನಿಸುವ ಅಭ್ಯಾಸ) ಮಾಡುತ್ತಿದ್ದರು. ತುಂಬಾ ಶಿಸ್ತಿನಿಂದ.

‘ನೆನಪು ಬಂದ ತಕ್ಷಣ ಉಸಿರು ಎಣಿಸ್ತೀನಿ. ಹೋಗ್ಬಿಡತ್ತೆ ಮೇಡಂ.’

‘ಹೋಗದಿದ್ದರೆ?’

‘ಇನ್ನೂ ಗಟ್ಟಿಯಾಗಿ ಎಣಿಸ್ತೀನಿ.’

ಹೇಳುವಾಗ ಹಲ್ಲು ಕಚ್ಚಿದ್ದರು, ಎರಡೂ ಮುಷ್ಟಿ ಬಿಗಿಯಾಗಿದ್ದವು. ಹೊರಗಿನಿಂದ ನೋಡಿದವರಿಗೆ ಇದು ಧ್ಯಾನ. ಒಳಗೆ ನಡೆಯುತ್ತಿದ್ದದ್ದು ಗೆಳೆಯನ ಫೋನ್ ತೆಗೆಯದೆ ಇರುವಂಥದ್ದೇ ಕೆಲಸ. ಇವರ ಉಸಿರಾಟವೂ ತಪ್ಪಿಸಿಕೊಳ್ಳುವ ದಾರಿಯಾಗಿತ್ತು.

ತಪ್ಪಿಸಿಕೊಳ್ಳುವವರನ್ನು ಹೇಡಿ ಅನ್ನುವುದು ನನಗೆ ಒಂಚೂರೂ ಹಿಡಿಸುವುದಿಲ್ಲ. ಹೊಸದರಲ್ಲಿ ಅದೇ ಅವರನ್ನು ಕಾಪಾಡಿರುತ್ತದೆ. ತೊಂದರೆ ಇರುವುದು ಆಮೇಲೆ. ದೂರ ಸರಿದಾಗಲೆಲ್ಲ ತಕ್ಷಣ ಹಾಯೆನಿಸುತ್ತದೆ. ಆ ಹಾಯೇ ಮುಂದಿನ ಸಲವೂ ಓಡು ಅನ್ನುತ್ತದೆ. ಓಡದಿದ್ದರೆ ಏನಾಗುತ್ತಿತ್ತು ಅಂತ ಮನಸ್ಸಿಗೆ ಗೊತ್ತಾಗುವುದೇ ಇಲ್ಲ. ಅದುಮಿದ ಯೋಚನೆ ಸುಮ್ನೆ ಇರುವುದೂ ಇಲ್ಲ. 1987ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಜೊತೆಯವರು ಕೆಲವರಿಗೆ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ ಅಂದರು. ಆಗಲೂ ಅದು ಬರುತ್ತಲೇ ಇತ್ತು. ಆಮೇಲೆ ‘ಈಗ ನೆನೆಯಬಹುದು’ ಅಂದಾಗ, ಮೊದಲಿಂದಲೂ ನೆನೆಯಲು ಬಿಟ್ಟವರಿಗಿಂತ ಇವರಿಗೇ ಜಾಸ್ತಿ ಬಂತು. ಕರಡಿಯ ಪಾಡೇ ಹೀಗಾದರೆ ಗೆಳೆಯನ ಕೂಗಿನ ಕಥೆ ಏನು?

ಆ್ಯಪ್ ಬಿಡಿ ಅಂತ ನಾನು ಹೇಳಲಿಲ್ಲ. ಮಾಡುವ ರೀತಿ ಬದಲಿಸಲು ಹೇಳಿದೆ. ಕಣ್ಣು ತೆರೆದೇ ಇರಲಿ. ಈ ತೊಂದರೆ ಇರುವ ಕೆಲವರಿಗೆ ಕಣ್ಣು ಮುಚ್ಚಿ ಉಸಿರು ನೋಡುತ್ತ ಕೂತರೆ ಹಳೆಯದೆಲ್ಲ ಒಮ್ಮೆಲೇ ಮೇಲೆ ಬೀಳುತ್ತದೆ. ಬೆನ್ನಿಗೆ ಗೋಡೆ, ಪಾದ ನೆಲದ ಮೇಲೆ. ಎರಡು ನಿಮಿಷ ಸಾಕು. ನೆನಪು ಬಂದರೆ ಓಡಿಸಬೇಡಿ, ಬೆನ್ನಟ್ಟಲೂ ಬೇಡಿ. ಮೈಯಲ್ಲಿ ಏನಾಗುತ್ತಿದೆ ಅಂತಷ್ಟೇ ಹೇಳಿಕೊಳ್ಳಿ.

ಅಲ್ಲೇ ಕೂತು ಮಾಡಿದರು. ‘ಎದೆ ಬಿಗಿ. ಅಂಗೈ ತಣ್ಣಗಿದೆ. ಗಂಟಲು ಕಟ್ಟಿದೆ.’ ಸ್ವಲ್ಪ ಹೊತ್ತು ಬಿಟ್ಟು, ‘ಅಳು ಬರ್ತಿದೆ’ ಅಂದರು. ಬರಲಿ ಅಂದೆ. ಅಪಘಾತದ ನಂತರ ಅವರು ಅತ್ತಿದ್ದು ಅದೇ ಮೊದಲಂತೆ. ನೆಮ್ಮದಿ ಸಿಕ್ಕಿತೇ ಅಂತ ನಾನು ಕೇಳಲಿಲ್ಲ. ಓಡದೆ ಎರಡು ನಿಮಿಷ ಕೂತರಲ್ಲ, ನನಗೆ ಬೇಕಾಗಿದ್ದು ಅದು.

ಎಲ್ಲಿದ್ದೇನೆ ಅನ್ನುವುದೇ ತಪ್ಪಿಹೋಗುವಷ್ಟು ಜೋರಾದರೆ ಅಲ್ಲಿಗೇ ನಿಲ್ಲಿಸಿ ಅಂತಲೂ ಹೇಳಿದ್ದೆ. ಸುತ್ತ ನೋಡಿ, ಕಣ್ಣಿಗೆ ಬಿದ್ದ ವಸ್ತುಗಳ ಹೆಸರು ಬಾಯಿಬಿಟ್ಟು ಹೇಳಿ. ಹಟ ಹಿಡಿದು ಸಹಿಸುವುದು ಬೇಡ.

ಆದರೆ ಮೈಂಡ್‌ಫುಲ್‌ನೆಸ್ ಒಂದರಿಂದಲೇ ಎಲ್ಲ ಸರಿಯಾಗುತ್ತದೆ ಅಂತ ನಾನು ಒಪ್ಪುವುದಿಲ್ಲ. ಪಿಟಿಎಸ್‌ಡಿ ಇದ್ದ ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೈಂಡ್‌ಫುಲ್‌ನೆಸ್ ತರಬೇತಿ ಪಡೆದ ಗುಂಪಿಗೆ ಲಕ್ಷಣಗಳು ಬೇರೆ ಬಗೆಯ ಚಿಕಿತ್ಸೆ ಪಡೆದ ಗುಂಪಿಗಿಂತ ಜಾಸ್ತಿ ತಗ್ಗಿದ್ದವು. ಪಿಟಿಎಸ್‌ಡಿಯಿಂದಲೇ ಹೊರಬಂದವರ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇವರಿಗೆ ಮುಖ್ಯ ಚಿಕಿತ್ಸೆ ಪ್ರೊಲಾಂಗ್ಡ್ ಎಕ್ಸ್‌ಪೋಷರ್. ಸಾಮಾನ್ಯವಾಗಿ 8ರಿಂದ 15 ಭೇಟಿ. ನಡೆದದ್ದನ್ನು ಮತ್ತೆ ಮತ್ತೆ ಬಾಯಿಬಿಟ್ಟು ಹೇಳುವುದು, ಅಂಜುವ ಆದರೆ ಅಪಾಯವಿಲ್ಲದ ಜಾಗಗಳಿಗೆ ಹಂತ ಹಂತವಾಗಿ ಹೋಗುವುದು. ತರಬೇತಾದವರ ಜೊತೆಗೇ ಮಾಡಬೇಕಾದದ್ದು ಇದು. ನಾವು ಅಭ್ಯಾಸ ಮಾಡಿದ ಎರಡು ನಿಮಿಷ ಅಲ್ಲಿ ಕೂರಲು ಒದಗಿತು.

ಹೆಂಡತಿಗೂ ಒಂದು ಮಾತು ಹೇಳಿದೆ: ‘ಮರೆತುಬಿಡಿ’ ಅನ್ನಬೇಡಿ, ಹೇಳು ಅಂತ ಬಲವಂತವೂ ಬೇಡ. ಸಾಯುವ ಮಾತೇನಾದರೂ ಬಂದರೆ ಮುಂದಿನ ಭೇಟಿವರೆಗೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗ ಗೆಳೆಯನ ಫೋನ್ ತೆಗೆಯುತ್ತಾರೆ. ನಿಂತ ಕಾರಿನಲ್ಲಿ, ಎಂಜಿನ್ ಆಫ್ ಮಾಡಿ, ಡ್ರೈವರ್ ಸೀಟಿನಲ್ಲಿ ಕೂರುತ್ತಾರೆ. ಕೈ ನಡುಗುತ್ತದಂತೆ. ಕನಸು ಕಡಿಮೆಯಾಗಿದೆ, ನಿಂತಿಲ್ಲ. ಕಾರು ಓಡಿಸುವುದು ಇನ್ನೂ ಬಾಕಿ ಇದೆ.