ಒಬ್ಬಟ್ಟು ವಾಪಸ್ ಹೋದ ಭಾನುವಾರ

ಮೈಸೂರಿನಿಂದ ಒಬ್ಬ ಸೋದರಿ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಉದ್ದದ ಪತ್ರ. ಅದರ ಮುಖ್ಯ ಭಾಗ ಇಷ್ಟು:

‘ಕಳೆದ ವರ್ಷ ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ನಮ್ಮ ಉಪವಾಸದ ದಿನಗಳು) ಮುಗಿಯುವವರೆಗೆ ಸಿಹಿ ಮುಟ್ಟುವುದಿಲ್ಲ ಎಂದು ಹರಕೆ ಮಾಡಿಕೊಂಡಿದ್ದೆ. ಯುಗಾದಿ ದಿನ ಪಕ್ಕದ ಮನೆಯಾಕೆ ತಟ್ಟೆ ತುಂಬ ಒಬ್ಬಟ್ಟು ತಂದರು. “ನಮಗೀಗ ಉಪವಾಸ, ತಿನ್ನುವ ಹಾಗಿಲ್ಲ” ಎಂದು ವಾಪಸ್ ಕಳಿಸಿದೆ. 11 ವರ್ಷದ ಸ್ನೇಹ ನಮ್ಮದು. ಅವತ್ತಿನಿಂದ ಅವರು ಎದುರು ಸಿಕ್ಕರೆ ನಗುತ್ತಾರೆ, ಆದರೆ ನಿಲ್ಲುವುದಿಲ್ಲ. ನಾನು ಮಾಡಿದ್ದು ತಪ್ಪಾ? ಇನ್ನೊಂದು ವಿಷಯ. ಈ ಸಲ ತಪಸ್ಸುಕಾಲದಲ್ಲಿ ನಮ್ಮ ಧರ್ಮಕೇಂದ್ರದಿಂದ (ಚರ್ಚಿನಿಂದ) ಬಡವರಿಗೆ ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಕೊಡುವ ಯೋಚನೆ ಇದೆ. ಬೇರೆಯವರಿಗೆ ಕೊಟ್ಟರೆ ಮತಾಂತರ ಅಂತ ಗಲಾಟೆ ಆಗುತ್ತದೆ, ನಮ್ಮವರಿಗೆ ಮಾತ್ರ ಕೊಡೋಣ ಎಂದು ಸಮಿತಿಯಲ್ಲಿ ಕೆಲವರು ಹೇಳುತ್ತಿದ್ದಾರೆ. ಸಮಿತಿಯಲ್ಲಿ ನಾನೂ ಇದ್ದೇನೆ. ಏನು ಹೇಳಲಿ?’

ಪ್ರಿಯ ಸೋದರಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಎರಡು ಪ್ರಶ್ನೆ ಕೇಳಿದ್ದೀರಿ. ನನಗೆ ಅವೆರಡೂ ಒಂದೇ ಅನ್ನಿಸಿತು. ಒಬ್ಬಟ್ಟಿನಿಂದಲೇ ಶುರು ಮಾಡುತ್ತೇನೆ.

ನೀವು ಪಾಪ ಮಾಡಿಲ್ಲ. ಆದರೆ ಒಂದು ನಷ್ಟ ಆಗಿದೆ. ಅದು ನಿಮಗೂ ಗೊತ್ತಿದೆ, ಅದಕ್ಕೇ ಬರೆದಿದ್ದೀರಿ.

ಮೊದಲು ಕಟ್ಟಳೆ ಏನು ಅಂತ ನೋಡೋಣ. ಕಥೋಲಿಕ ಧರ್ಮಸಭೆ ಉಪವಾಸ ಮಾಡಲೇಬೇಕು ಎಂದು ಹೇಳುವುದು ಎರಡೇ ದಿನ: ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಮತ್ತು ಯೇಸು ಶಿಲುಬೆಯ ಮೇಲೆ ಸತ್ತ ಶುಭ ಶುಕ್ರವಾರ. ಅದೂ 18ರಿಂದ 59 ವರ್ಷದವರಿಗೆ. ತಪಸ್ಸುಕಾಲದ ಶುಕ್ರವಾರಗಳಲ್ಲಿ 14 ದಾಟಿದವರು ಮಾಂಸ ತಿನ್ನಬಾರದು. ಸಿಹಿ ಬಿಡಬೇಕೆಂದು ಎಲ್ಲೂ ಇಲ್ಲ. ಅದು ನೀವಾಗಿ ಮಾಡಿಕೊಂಡ ಹರಕೆ. ಒಳ್ಳೆಯದೇ. ಆದರೆ ನೀವು ಕಟ್ಟಿಕೊಂಡ ಗಂಟನ್ನು ಒಂದು ಘಳಿಗೆ ಸಡಿಲ ಮಾಡುವ ಸ್ವಾತಂತ್ರ್ಯವೂ ನಿಮಗೆ ಇತ್ತು.

ಇನ್ನೊಂದು ಮಾತು. ಕಳೆದ ವರ್ಷದ ಯುಗಾದಿ ಬಂದದ್ದು 2025ರ ಮಾರ್ಚ್ 30ರಂದು. ಅವತ್ತು ಭಾನುವಾರ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ ಎಣಿಸಿ ನೋಡಿ, 46 ದಿನ ಸಿಗುತ್ತದೆ. ಅದರಲ್ಲಿ ಆರು ಭಾನುವಾರ ಕಳೆದರೆ 40. ಪ್ರಭು ಎದ್ದು ಬಂದ ದಿನ ಭಾನುವಾರ, ಹಾಗಾಗಿ ಆ ದಿನ ಉಪವಾಸದ ಲೆಕ್ಕಕ್ಕೆ ಸೇರುವುದಿಲ್ಲ. ಅಷ್ಟೇ ಅಲ್ಲ, ಅದು ತಪಸ್ಸುಕಾಲದ ನಾಲ್ಕನೇ ಭಾನುವಾರ. ಅಂದು ಗುರುಗಳು ನೇರಳೆ ಬಿಟ್ಟು ಗುಲಾಬಿ ಬಣ್ಣದ ವಸ್ತ್ರ ಹಾಕಿಕೊಳ್ಳಬಹುದು, ಪೀಠಕ್ಕೆ ಹೂ ಇಡಬಹುದು. ‘ಆನಂದಿಸಿರಿ’ ಎಂಬ ಮಾತಿನಿಂದಲೇ ಅಂದಿನ ಪೂಜೆ ಶುರುವಾಗುತ್ತದೆ. ಧರ್ಮಸಭೆಯೇ ಆನಂದಿಸು ಎಂದ ದಿನ ಪಕ್ಕದ ಮನೆಯಿಂದ ಒಬ್ಬಟ್ಟು ಬಂತು. ನಾನಾಗಿದ್ದರೆ ದೇವರೇ ಕಳಿಸಿದ್ದು ಅಂದುಕೊಳ್ಳುತ್ತಿದ್ದೆ.

ಸರಿ, ಭಾನುವಾರ ಅಲ್ಲ, ಶುಕ್ರವಾರವೇ ಬಂದಿತ್ತು ಅಂದುಕೊಳ್ಳಿ. ಆಗ?

ನಾಲ್ಕನೇ ಶತಮಾನದ ಕೊನೆಗೆ ಜಾನ್ ಕ್ಯಾಸಿಯನ್ ಎಂಬವರು ಈಜಿಪ್ಟಿನ ಮರಳುಗಾಡಿನ ಸನ್ಯಾಸಿಗಳನ್ನು ನೋಡಲು ಹೋದರು. ಉಪವಾಸದಲ್ಲಿ ಅವರನ್ನು ಮೀರಿಸಿದವರಿಲ್ಲ. ಆದರೆ ಅತಿಥಿಗಳು ಬಂದರೆ ಅವರು ಉಪವಾಸ ಬಿಟ್ಟು ಜೊತೆಗೆ ಕೂತು ಊಟ ಮಾಡುತ್ತಿದ್ದರು. ಕ್ಯಾಸಿಯನ್‌ಗೆ ಆಶ್ಚರ್ಯ. ಯಾಕೆ ಹೀಗೆ ಎಂದು ಕೇಳಿದರು. ಒಬ್ಬ ಹಿರಿಯರು ಕೊಟ್ಟ ಉತ್ತರದ ಅರ್ಥ ಇದು: ಉಪವಾಸ ಯಾವಾಗಲೂ ನನ್ನ ಹತ್ತಿರವೇ ಇರುತ್ತದೆ, ನಿಮ್ಮನ್ನು ಯಾವಾಗಲೂ ಇಟ್ಟುಕೊಳ್ಳಲು ಆಗುವುದಿಲ್ಲ. ನಿಮ್ಮಲ್ಲಿ ಬಂದಿರುವ ಕ್ರಿಸ್ತನಿಗೆ ಊಟ ಹಾಕಬೇಕು. ನಿಮ್ಮನ್ನು ಕಳಿಸಿದ ಮೇಲೆ ನನ್ನ ಉಪವಾಸವನ್ನು ಇನ್ನೂ ಬಿಗಿ ಮಾಡಿ ಸರಿದೂಗಿಸಿಕೊಳ್ಳುತ್ತೇನೆ. ನೀವೂ ಅರ್ಧ ಒಬ್ಬಟ್ಟು ಅವರ ಎದುರೇ ತಿಂದು, ಸೋಮವಾರ ಒಂದೊತ್ತು ಇರಬಹುದಿತ್ತು.

ಈಗ ಆಕೆಯ ಕಡೆಯಿಂದ ನೋಡೋಣ. ಅವರು ಬೆಳಿಗ್ಗೆ ಬೇಗ ಎದ್ದು ಬೇಳೆ ಬೇಯಿಸಿದ್ದಾರೆ. ಹೂರಣ ರುಬ್ಬಿದ್ದಾರೆ. ಒಲೆ ಮುಂದೆ ನಿಂತು ಒಂದೊಂದೇ ತಟ್ಟಿ ಬೇಯಿಸಿದ್ದಾರೆ. ಬಿಸಿ ಆರುವ ಮೊದಲು ನಿಮ್ಮ ಬಾಗಿಲಿಗೆ ಬಂದಿದ್ದಾರೆ. ನೀವು ಅಂದದ್ದು ‘ತಿನ್ನುವ ಹಾಗಿಲ್ಲ’. ನಿಮ್ಮ ಮನಸ್ಸಿನಲ್ಲಿ ಇದ್ದದ್ದು ಹರಕೆ. ಆದರೆ ಅವರ ಕಿವಿಗೆ ಬಿದ್ದದ್ದೇ ಬೇರೆ ಇರಬಹುದು. ನಮ್ಮ ನಾಡಿನಲ್ಲಿ ಯಾರ ಕೈ ನೀರು ಯಾರಿಗೆ ಆಗುತ್ತದೆ, ಯಾರ ಮನೆ ಅಡುಗೆ ಯಾರಿಗೆ ಆಗುವುದಿಲ್ಲ ಎಂಬ ಲೆಕ್ಕ ನೂರಾರು ವರ್ಷ ನಡೆದಿದೆ. ‘ನಿಮ್ಮ ಹಬ್ಬದ್ದು ನಮಗೆ ಆಗಲ್ಲ’ ಎಂದು ಕೇಳಿಸಿದ್ದರೆ ಆಕೆಯ ತಪ್ಪಲ್ಲ.

ಈ ಸಲ ಮಾರ್ಚ್ 8ರ ಭಾನುವಾರ ದೇವಾಲಯದಲ್ಲಿ ಸಮಾರಿಯದ ಹೆಂಗಸಿನ ಶುಭಸಂದೇಶ ಓದುತ್ತಾರೆ. ಯೇಸು ಬಾವಿ ಕಟ್ಟೆಯ ಮೇಲೆ ಕೂತಿದ್ದಾರೆ. ಮಧ್ಯಾಹ್ನದ ಬಿಸಿಲು, ದಾರಿ ನಡೆದು ಸುಸ್ತು. ಯೆಹೂದ್ಯರಿಗೂ ಸಮಾರಿಯದವರಿಗೂ ಕೊಡುಕೊಳ್ಳುವಿಕೆ ಇರಲಿಲ್ಲ. ನೀರಿಗೆ ಬಂದ ಆ ಸಮಾರಿಯದ ಹೆಂಗಸಿಗೆ ಅವರು ಹೇಳಿದ ಮೊದಲ ಮಾತು ಏನು? ‘ಕುಡಿಯಲು ನೀರು ಕೊಡು.’ ಉಪದೇಶ ಆಮೇಲೆ ಬಂತು. ಮೊದಲು ಬಂದದ್ದು ಬೇಡಿಕೆ. ಜೀವಜಲ ಕೊಡುವವರೇ ಆಕೆಯ ಬಿಂದಿಗೆ ನೀರು ಕೇಳಿದರು. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ನಾವು ಕೊಡುವುದನ್ನಷ್ಟೇ ಪುಣ್ಯ ಅಂದುಕೊಂಡಿದ್ದೇವೆ. ತೆಗೆದುಕೊಳ್ಳುವುದನ್ನು ನಮಗೆ ಯಾರೂ ಸರಿಯಾಗಿ ಕಲಿಸಲಿಲ್ಲ.

ನಮ್ಮಮ್ಮನಿಗೆ ಅದು ಗೊತ್ತಿತ್ತು. ನಮ್ಮೂರಲ್ಲಿ ತಪಸ್ಸುಕಾಲ ಎಂಬ ಮಾತು ಗುರುಗಳ ಬಾಯಲ್ಲಿ ಮಾತ್ರ. ಅಮ್ಮ, ಅಜ್ಜಿ ಎಲ್ಲ ‘ಒಂದೊತ್ತು’ ಅನ್ನುತ್ತಿದ್ದರು. ಅನ್ನಕ್ಕೆ ಇಡುವ ಮೊದಲು ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಅಮ್ಮ ಬೇರೆ ಡಬ್ಬಿಗೆ ಹಾಕುತ್ತಿದ್ದರು. ದಿನಾ. ಒಂದು ಹಿಡಿ ಅಂದರೆ ಸುಮಾರು 50 ಗ್ರಾಂ, 40 ದಿನಕ್ಕೆ ಎರಡು ಕಿಲೋ. ಮಿಜೋರಾಮಿನ ಕ್ರೈಸ್ತರು ಇದೇ ಹಿಡಿ ಅಕ್ಕಿಯ ಪದ್ಧತಿಯನ್ನು 1910ರಿಂದ ವರ್ಷವಿಡೀ ನಡೆಸಿಕೊಂಡು ಬಂದಿದ್ದಾರೆ, ಅದರಿಂದಲೇ ಸಭೆಯ ಎಷ್ಟೋ ಕೆಲಸ ನಡೆಯುತ್ತದೆ. ಅಮ್ಮನ ಡಬ್ಬಿ ಅಷ್ಟು ದೊಡ್ಡದೇನಲ್ಲ. ಶುಭ ಶುಕ್ರವಾರದ ಹಿಂದಿನ ದಿನ ಅದು ಬೀದಿ ಕೊನೆಯ ಒಬ್ಬ ಮುದುಕಿಯ ಮನೆಗೆ ಹೋಗುತ್ತಿತ್ತು. ಆಕೆ ನಮ್ಮ ದೇವಾಲಯದವಳಲ್ಲ. ಅಮ್ಮ ಅಕ್ಕಿ ಕೊಟ್ಟು ಸುಮ್ನೆ ಬರುತ್ತಿರಲಿಲ್ಲ. ಆಕೆಯ ಹಿತ್ತಲಿನಿಂದ ಕರಿಬೇವು ಕೇಳಿ ಇಸಿದುಕೊಂಡು ಬರುತ್ತಿದ್ದರು. ನಮ್ಮ ಮನೆಯಲ್ಲೂ ಕರಿಬೇವಿನ ಗಿಡ ಇತ್ತು! ಯಾಕಮ್ಮ ಅಂತ ನಾನೊಮ್ಮೆ ಕೇಳಿದ್ದೆ. ‘ಅವಳ ಕೈಯೂ ಮೇಲಿರಲಿ’ ಅಂದರು. ಆ ವಯಸ್ಸಿನಲ್ಲಿ ನನಗೆ ಅರ್ಥ ಆಗಿರಲಿಲ್ಲ.

ಈಗ ಕಿಟ್ ವಿಷಯ. ಸಮಿತಿಯವರ ಭಯ ಸುಳ್ಳಲ್ಲ. ಹೊರಗೆ ವಾತಾವರಣ ಹೇಗಿದೆ ಅಂತ ಎಲ್ಲರಿಗೂ ಗೊತ್ತು. ಹೆದರಿದವರನ್ನು ಹೇಡಿ ಎಂದು ಕರೆಯಬೇಡಿ. ಆದರೆ ‘ನಮ್ಮವರಿಗೆ ಮಾತ್ರ’ ಎಂಬ ಮಾತಿಗೆ ಒಪ್ಪಿಗೆ ಹಾಕಬೇಡಿ. ‘ನನ್ನ ನೆರೆಯವನು ಯಾರು?’ ಎಂದು ಒಬ್ಬ ಧರ್ಮಶಾಸ್ತ್ರಿ ಯೇಸುವನ್ನು ಕೇಳಿದ್ದು ಗೆರೆ ಎಲ್ಲಿ ಎಳೆಯಲಿ ಎಂಬ ಅರ್ಥದಲ್ಲೇ. ಯೇಸು ಗೆರೆ ಎಳೆಯಲಿಲ್ಲ, ಕಥೆ ಹೇಳಿದರು: ಕಳ್ಳರ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ನೋಡಿಯೂ ಅವನ ಜನರೇ ದಾಟಿ ಹೋದರು, ನಿಂತು ನೋಡಿಕೊಂಡವನು ಒಬ್ಬ ಸಮಾರಿಯದವನು. ನಾವು ಆ ಕಥೆ ಓದುವಾಗ ಸಮಾರಿಯದವನ ಜಾಗದಲ್ಲಿ ನಮ್ಮನ್ನು ಇಟ್ಟುಕೊಳ್ಳುತ್ತೇವೆ, ಅಲ್ವಾ? ಕೇಳುತ್ತಿದ್ದ ಯೆಹೂದ್ಯರಿಗೆ ಸಮಾರಿಯದವನು ಹೊರಗಿನವನು. ಅವರ ಜಾಗ ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನದ್ದು. ಯಾರನ್ನು ನಮ್ಮವನಲ್ಲ ಎಂದಿದ್ದರೋ ಅವನೇ ಬಂದು ಗಾಯಕ್ಕೆ ಎಣ್ಣೆ ಹಚ್ಚಿದ, ಛತ್ರದವನಿಗೆ ಎರಡು ದಿನಾರಿ ಕೊಟ್ಟ. ಅದು ಎರಡು ದಿನದ ಕೂಲಿ. ಇನ್ನೂ ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಎಂದ. ಸಮಿತಿಯಲ್ಲಿ ಒಂದು ಪ್ರಶ್ನೆ ಕೇಳಿ: ನಿಮ್ಮ ಮನೆಯಲ್ಲಿ ಸಾವು, ಕಾಯಿಲೆ ಬಂದಾಗ ಮೊದಲು ಓಡಿ ಬಂದವರು ಯಾರು? ಅರ್ಧಕ್ಕರ್ಧ ಜನ ಪಕ್ಕದ ಮನೆಯ ಹಿಂದೂಗಳ ಹೆಸರನ್ನೋ ಮುಸ್ಲಿಮರ ಹೆಸರನ್ನೋ ಹೇಳುತ್ತಾರೆ ಎಂದು ನನ್ನ ನಂಬಿಕೆ.

ನಿಮ್ಮ ಊರಿನ ಸುತ್ತಲೇ ಒಂದು ಉದಾಹರಣೆ ಇದೆ. 1792ರಲ್ಲಿ ಭಾರತಕ್ಕೆ ಬಂದ ಫ್ರೆಂಚ್ ಗುರು ಅಬ್ಬೆ ದುಬೊವಾ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಚದುರಿ ಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಿದರು. ಜನ ಅವರನ್ನು ‘ದೊಡ್ಡ ಸ್ವಾಮಿ’ ಎಂದು ಕರೆದರು. ಇಲ್ಲಿನವರ ಬಟ್ಟೆ ತೊಟ್ಟರು, ಇಲ್ಲಿನವರ ಹಾಗೆ ಉಂಡರು. ಸಿಡುಬು ಊರೂರನ್ನು ತಿನ್ನುತ್ತಿದ್ದ ಕಾಲ ಅದು. ಹೊಸದಾಗಿ ಬಂದಿದ್ದ ಲಸಿಕೆಯನ್ನು ಅವರು ಮೈಸೂರು ಸೀಮೆಯಲ್ಲಿ ಸಾವಿರಾರು ಜನಕ್ಕೆ ಹಾಕಿಸಿದರು. ಬಡವರು ನೆಲೆ ನಿಲ್ಲಲೆಂದು ಹಾಸನದ ಕಡೆ ಬೇಸಾಯದ ಹಳ್ಳಿ ಕಟ್ಟಿದರು. 1823ರಲ್ಲಿ ಅವರು ದೇಶ ಬಿಟ್ಟು ಹೋದರು. ತಮ್ಮಿಂದ ಮತಾಂತರ ಆದವರು ಬಹಳ ಕಡಿಮೆ ಎಂದು ಅವರೇ ಬರೆದಿದ್ದಾರೆ. ಇಲ್ಲಿನ ಜನರ ಬಗ್ಗೆ ಅವರು ಬರೆದದ್ದೆಲ್ಲ ನನಗೆ ಒಪ್ಪಿಗೆಯಿಲ್ಲ, ಕೆಲವು ಮಾತು ಕಟುವಾಗಿವೆ. ಆದರೆ ಆ ಲಸಿಕೆಯಿಂದ ಬದುಕಿದ ಮಕ್ಕಳು ಬದುಕಿದ್ದು ನಿಜ. ಅವರ ವಂಶದವರು ಇವತ್ತು ನಿಮ್ಮ ಬೀದಿಯಲ್ಲೂ ಇರಬಹುದು.

ಹಾಗಾದರೆ ಕಿಟ್ ಹೇಗೆ ಕೊಡುವುದು? ಇದರಲ್ಲಿ ನನ್ನದೊಂದು ನೋವು ಇದೆ. ಕೆಲವು ವರ್ಷದ ಹಿಂದೆ ಒಂದು ಕಡೆ ಇಂಥದ್ದೇ ಕಾರ್ಯಕ್ರಮದಲ್ಲಿ ನಾನೂ ವೇದಿಕೆ ಮೇಲಿದ್ದೆ. ಹಿಂದೆ ಬ್ಯಾನರ್, ಮುಂದೆ ಕ್ಯಾಮೆರಾ. ಚೀಲ ತೆಗೆದುಕೊಳ್ಳಲು ಬಂದ ಒಬ್ಬ ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡರು. ಫೋಟೋ ತೆಗೆಯುವವರು ‘ಸ್ವಲ್ಪ ಈ ಕಡೆ ನೋಡಿ’ ಅಂದರು. ನಾನು ಬಾಯಿ ಬಿಡಲಿಲ್ಲ. ಇವತ್ತಿಗೂ ಆ ಸೆರಗು ಕಣ್ಣ ಮುಂದೆ ಬರುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ಮಾತನ್ನು ಬೂದಿ ಬುಧವಾರವೇ ಓದುತ್ತೇವೆ. ಹಣೆಯ ಬೂದಿ ಒರೆಸಿಕೊಳ್ಳುವ ಹೊತ್ತಿಗೆ ಮರೆತಿರುತ್ತೇವೆ.

ಆದ್ದರಿಂದ ವೇದಿಕೆ ಬೇಡ, ಫೋಟೋ ಬೇಡ. ಚೀಲದೊಳಗೆ ಪ್ರಾರ್ಥನೆಯ ಕಾರ್ಡ್ ಕೂಡ ಬೇಡ. ಅದು ನಂಬಿಕೆಯನ್ನು ಮುಚ್ಚಿಟ್ಟ ಹಾಗಲ್ಲ. ಯಾಕೆ ಕೊಡುತ್ತಿದ್ದೀರಿ ಎಂದು ಯಾರಾದರೂ ಕೇಳಿದರೆ, ‘ಯೇಸು ಹೀಗೆ ಹೇಳಿದ್ದಾರೆ, ಅದಕ್ಕೆ’ ಎಂದು ನೇರವಾಗಿ, ಮೆತ್ತಗೆ ಹೇಳಿ. ಕೇಳದಿದ್ದರೆ ಅಕ್ಕಿ ಅಕ್ಕಿಯಾಗಿಯೇ ಇರಲಿ. ಯಾರಿಗೆ ಕಷ್ಟ ಇದೆ ಎಂದು ನೀವೇ ಪಟ್ಟಿ ಮಾಡಲು ಕೂರಬೇಡಿ. ಬೀದಿಯ ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ ನಿಮಗಿಂತ ಜಾಸ್ತಿ ಗೊತ್ತಿರುತ್ತದೆ. ಬಂದ ಹಣ, ಹೋದ ಹಣ ಎರಡನ್ನೂ ದೇವಾಲಯದ ಬಾಗಿಲಲ್ಲಿ ಬರೆದು ಹಾಕಿ. ಮುಖ್ಯವಾಗಿ, ಈ ಕೆಲಸಕ್ಕೆ ಹೊರಗಿನವರನ್ನೂ ಕರೆಯಿರಿ. ಕೊಡುವ ಕೈಗಳಲ್ಲಿ ಬೇರೆ ಮನೆಯ ಕೈಗಳೂ ಇದ್ದರೆ ಭಯ ಅರ್ಧ ಹೋಗುತ್ತದೆ. ಮೊದಲು ಯಾರನ್ನು ಕರೆಯಬೇಕು ಅಂತ ನಿಮಗೇ ಹೊಳೆದಿರಬೇಕು.

ಈ ವರ್ಷದ ಕ್ಯಾಲೆಂಡರ್ ನೋಡಿದಿರಾ? ಫೆಬ್ರವರಿ 15ಕ್ಕೆ ಶಿವರಾತ್ರಿ, 18ಕ್ಕೆ ಬೂದಿ ಬುಧವಾರ. ಅದೇ ವಾರ ರಂಜಾನ್ ಉಪವಾಸವೂ ಶುರು. ನಿಮ್ಮ ಬೀದಿಯಲ್ಲಿ ಒಂದೇ ವಾರದಲ್ಲಿ ಮೂರು ಥರದ ಮನೆಗಳು ದೇವರಿಗಾಗಿ ಹೊಟ್ಟೆ ಖಾಲಿ ಬಿಡುತ್ತವೆ. ಆಮೇಲೆ ಮಾರ್ಚ್ 19. ಅವತ್ತು ನಮಗೆ ಸಂತ ಜೋಸೆಫರ ಹಬ್ಬ, ತಪಸ್ಸುಕಾಲದ ನಡುವೆ ಬರುವ ದೊಡ್ಡ ಹಬ್ಬ. ಆಕೆಗೆ ಅದೇ ದಿನ ಯುಗಾದಿ.

ಅಲ್ಲಿಯವರೆಗೆ ಕಾಯಬೇಡಿ. ಬೂದಿ ಬುಧವಾರಕ್ಕೆ ಮುಂಚೆಯೇ ಅವರ ಮನೆಗೆ ಹೋಗಿ. ಕೇಕು, ಹಣ್ಣು ಏನೂ ಕೊಂಡೊಯ್ಯಬೇಡಿ, ಬರಿಗೈಲಿ ಹೋಗಿ. ‘ಕಳೆದ ಯುಗಾದಿಗೆ ನಿಮ್ಮ ಮನಸ್ಸು ನೋಯಿಸಿದೆ, ನನಗೆ ಬೇಜಾರಾಗಿದೆ’ ಎಂದಷ್ಟೇ ಹೇಳಿ. ಹರಕೆಯ ವಿವರಣೆ ಕೊಡಲು ಹೋಗಬೇಡಿ, ಅದು ಸಮರ್ಥನೆ ಆಗಿಬಿಡುತ್ತದೆ. ಈ ಸಲ ಹೂರಣ ರುಬ್ಬಲು ನಾನೂ ಬರಲಾ ಎಂದು ಕೇಳಿ. ಬೇವು ಬೆಲ್ಲ ಕೊಟ್ಟರೆ ಅಲ್ಲೇ ಬಾಯಿಗೆ ಹಾಕಿಕೊಳ್ಳಿ. ಒಬ್ಬಟ್ಟು ಕೊಟ್ಟರೆ ಎರಡೂ ಕೈ ಚಾಚಿ.

ತಟ್ಟೆ ಮಾತ್ರ ಖಾಲಿ ವಾಪಸ್ ಕೊಡಬೇಡಿ. ನಮ್ಮ ಕಡೆ ಹಾಗೆ ಕೊಡುವ ಪದ್ಧತಿ ಇಲ್ಲ, ನಿಮಗೂ ಗೊತ್ತು. ಮನೆಯಲ್ಲಿ ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆ ಹಾಕಿ ಕೊಡಿ. ಈ ಸಲವೂ ನೀವು ಸಿಹಿ ಬಿಟ್ಟಿದ್ದರೆ ಡಬ್ಬಿಯಲ್ಲಿ ಉಳಿದಿರುತ್ತದೆ.

ನಿಮ್ಮ,
ಸಂಪಾದಕ