ನೆಲಮಹಡಿ ಮನೆಗೆ ಕೊಳಚೆ ನೀರು ಉಕ್ಕುತ್ತಿದೆ, ಯಾವ ವಾಲ್ವ್ ಹಾಕಿಸಬೇಕು?

ಮೇಲಿನವರು ಫ್ಲಶ್ ಮಾಡಿದಾಗ ನಿಮ್ಮ ಬಾತ್‌ರೂಮ್ ಜಾಲರಿಯಲ್ಲಿ ಗುಳುಗುಳು ಸದ್ದು, ಮಳೆ ಬಂದರೆ ಕೊಳಚೆ ನೀರು, ಖರ್ಚಿಗೆ ಮಾತ್ರ ಅವರು ಸೇರಲ್ಲ. ಇದೇ ಅಲ್ವಾ ನಿಮ್ಮ ಕಥೆ? ನನ್ನದೂ ಅದೇ. ಯಾವ ವಾಲ್ವ್ ಅನ್ನೋದು ಆಮೇಲಿನ ಮಾತು. ಎಲ್ಲಿ ಹಾಕಿಸ್ತೀರಿ ಅನ್ನೋದೇ ಮುಖ್ಯ.

ನಾವು ಗೇಟಿನ ಹತ್ತಿರ, ಕಟ್ಟಡದ ಪೈಪು ಬೀದಿಯ ಒಳಚರಂಡಿಗೆ ಸೇರುವ ಮುಂಚೆ, ಒಂದು ನಾನ್ ರಿಟರ್ನ್ ವಾಲ್ವ್ (ನೀರನ್ನು ಒಂದೇ ದಿಕ್ಕಿಗೆ ಬಿಡುವ, ವಾಪಸ್ ಬರಲು ಬಿಡದ ವಾಲ್ವ್) ಹಾಕಿಸಿದೆವು. ಮುಂದಿನ ಜೋರು ಮಳೆಗೆ ಬೀದಿ ಲೈನ್ ತುಂಬಿತು, ವಾಲ್ವ್ ಸರಿಯಾಗೇ ಮುಚ್ಚಿಕೊಂಡಿತು. ಆದರೂ ನೀರು ಬಾತ್‌ರೂಮ್ ಹೊಸ್ತಿಲು ದಾಟಿ ಹಾಲಿಗೆ ಬಂತು. ಈ ಸಲ ಸೋಪಿನ ನೊರೆ ಸಮೇತ! ಬೀದಿ ಕೊಳಚೆಯಲ್ಲಿ ಅಷ್ಟು ಬೆಳ್ಳಗಿನ ನೊರೆ ಎಲ್ಲಿಂದ ಬರಬೇಕು? ಅದು ಮೇಲಿನ ಮನೆಯ ವಾಷಿಂಗ್ ಮೆಷಿನ್ ನೀರು.

ಇದನ್ನು ಬಿಡಿಸಿ ಹೇಳ್ತೀನಿ, ಏಕೆಂದರೆ ನಮ್ಮ ಪ್ಲಂಬರಿಗೂ ಹೊಳೆದಿರಲಿಲ್ಲ. ವಾಲ್ವ್ ಮುಚ್ಚಿದರೆ ಹೊರಗಿನದು ಒಳಗೆ ಬರಲ್ಲ, ಸರಿ. ಒಳಗಿನದೂ ಹೊರಗೆ ಹೋಗಲ್ಲ. ಮೇಲಿನವರಿಗೆ ಇದೇನೂ ಗೊತ್ತಿಲ್ಲ. ಸ್ನಾನ, ಪಾತ್ರೆ, ಫ್ಲಶ್ ಎಲ್ಲ ನಡೆಯುತ್ತಿರುತ್ತದೆ. ಅಷ್ಟೂ ನೀರು ಒಂದೇ ಪೈಪಿನಲ್ಲಿ ಇಳಿದು, ದಾರಿ ಇಲ್ಲದೆ ಏರುತ್ತಾ, ಎಲ್ಲಕ್ಕಿಂತ ಕೆಳಗಿರುವ ಬಾಯಿ ಹುಡುಕುತ್ತದೆ. ಆ ಬಾಯಿ ನಿಮ್ಮ ಬಾತ್‌ರೂಮ್ ನೆಲದ ಜಾಲರಿ. ಕಮೋಡ್ ಕೂಡ ಅದಕ್ಕಿಂತ ಎತ್ತರ.

ಹಾಗಾಗಿ ಮೇಲಿನ ಮನೆಗಳ ನೀರು ಹರಿಯುವ ಪೈಪಿಗೆ ವಾಲ್ವ್ ಬೇಡವೇ ಬೇಡ. ನೆಲಮಹಡಿಯ ಲೈನನ್ನು ಆ ಪೈಪಿನಿಂದ ಬಿಡಿಸಿ, ಬೇರೆಯಾಗಿ ಚೇಂಬರಿಗೆ, ಅಂದರೆ ಅಂಗಳದಲ್ಲಿ ಪೈಪುಗಳು ಸೇರುವ ಮುಚ್ಚಳದ ಗುಂಡಿಗೆ, ಕೊಡಿಸಿ. ವಾಲ್ವ್ ಆ ಲೈನಿಗೆ ಮಾತ್ರ. ಅದು ಮುಚ್ಚಿರುವಾಗ ನಿಮ್ಮ ಮನೆ ನಲ್ಲಿ ನಿಲ್ಲಿಸಿದರೆ ಸಾಕು. ಚೇಂಬರ್ ಮುಚ್ಚಳ ನಿಮ್ಮ ನೆಲಕ್ಕಿಂತ ತಗ್ಗಿನಲ್ಲಿರಲಿ. ಉಕ್ಕಿದರೂ ಅಂಗಳದಲ್ಲಿ ಉಕ್ಕುತ್ತದೆ. ಗಲೀಜೇ, ಆದರೆ ಮನೆ ಹೊರಗಿನ ಗಲೀಜು. ನಾವು ಕೊನೆಗೆ ಮಾಡಿಸಿದ್ದು ಇದೇ. ಹೊಸ ಪೈಪು 100 ಮಿ.ಮೀ. ಇದ್ದರೆ ಮೀಟರಿಗೆ ಎರಡೂವರೆ ಸೆಂ.ಮೀ. ಇಳಿಜಾರು ಕೇಳಿ. ವಾಲ್ವ್ ಮೇಲೆ ಟೈಲ್ಸ್ ಹಾಕಲು ಬಿಡಬೇಡಿ. ಒಂದು ಬಟ್ಟೆ ಚೂರು ಸಿಕ್ಕಿದರೂ ಅದು ಪೂರ್ತಿ ಮುಚ್ಚಲ್ಲ, ಆಗಾಗ ತೆರೆದು ತೊಳೆಯಬೇಕು.

ಆದರೆ ನಿಮಗೆ ಬಿಸಿಲಲ್ಲೂ ಗುಳುಗುಳು ಕೇಳುತ್ತಿದ್ದರೆ, ಮೊದಲು ಅನುಮಾನ ಪಡಬೇಕಾದ್ದು ನಿಮ್ಮದೇ ಕಾಂಪೌಂಡಿನ ಪೈಪನ್ನು. ಚೇಂಬರುಗಳನ್ನು ಒಂದೊಂದಾಗಿ ತೆಗೆಸಿ. ಒಂದು ತುಂಬಿ, ಮುಂದಿನದು ಖಾಲಿ ಇದ್ದರೆ ನಡುವೆ ಕಟ್ಟಿಕೊಂಡಿದೆ. ಗೇಟಿನವರೆಗೆ ಎಲ್ಲವೂ ತುಂಬಿದ್ದರೆ ತೊಂದರೆ ಬೀದಿ ಲೈನಿನಲ್ಲಿರಬಹುದು. ತಾರಸಿ ಮಳೆನೀರಿನ ಪೈಪನ್ನು ಯಾರಾದರೂ ಇದೇ ಚೇಂಬರಿಗೆ ಸೇರಿಸಿದ್ದಾರಾ ನೋಡಿ. ಸೇರಿಸಿದ್ದರೆ ಮೊದಲು ಅದನ್ನು ತಪ್ಪಿಸಿ, ಆಮೇಲೆ ಉಳಿದ ಖರ್ಚು. ಆಸಿಡ್ ಸುರಿಯಬೇಡಿ, ಬ್ಲಾಕ್ ಮೇಲೆ ನಿಂತ ಆಸಿಡ್, ರಾಡ್ ಹಾಕುವವನ ಮುಖಕ್ಕೆ ಚಿಮ್ಮುತ್ತದೆ.

ನಮ್ಮ ಚೇಂಬರಿನಿಂದ ಎಳೆದು ಹಾಕಿದ್ದರಲ್ಲಿ ಮುಕ್ಕಾಲು ಭಾಗ ವೆಟ್ ವೈಪ್ಸ್, ಜಿಡ್ಡಿನಲ್ಲಿ ಹೆಣೆದ ಹಗ್ಗದ ಹಾಗೆ. ನಮ್ಮ ಮನೆಯಲ್ಲಿ ಯಾರೂ ವೈಪ್ಸ್ ಬಳಸಲ್ಲ. ಖರ್ಚು ಯಾರದು ಅನ್ನೋ ಮೀಟಿಂಗನ್ನು ಸುಮ್ನೆ ಯಾರ ಮನೆಯ ಹಾಲಿನಲ್ಲೋ ಮಾಡಬೇಡಿ. ಮುಚ್ಚಳ ತೆಗೆಸಿ, ಚೇಂಬರ್ ಪಕ್ಕದಲ್ಲೇ ಎಲ್ಲರನ್ನೂ ಕರೆಯಿರಿ. ನಮ್ಮಲ್ಲಿ ಬೇಗ ಮುಗಿಯಿತು.