ಊರ ಕಿವಿಗೆ ಯಾರು ಬೀಗ ಹಾಕಬೇಕು?

ಚಿತ್ರದುರ್ಗದಿಂದ ನಮ್ಮ ಹಳೆಯ ಓದುಗರೊಬ್ಬರು ಬರೆದಿದ್ದಾರೆ. ನಿವೃತ್ತ ಮೇಷ್ಟ್ರು, ಜಗಳೂರು ಕಡೆ ಬಹಳ ವರ್ಷ ಪಾಠ ಮಾಡಿದವರು. ಕಳೆದ ಸಂಚಿಕೆಯಲ್ಲಿ ಆ ಕಡೆಯ ಅಂಗನವಾಡಿ ಕಾರ್ಯಕರ್ತೆಯೊಬ್ಬರ ಅನುಭವ ಪ್ರಕಟಿಸಿದ್ದೆವು. ಅದನ್ನು ಓದಿ ಮೇಷ್ಟ್ರಿಗೆ ಬೇಸರವಾಗಿದೆ. ಪತ್ರದ ಮುಖ್ಯ ಭಾಗ ಇಷ್ಟು:

‘ಯಾರೋ ಮೂಗರ್ಜಿ ಹಾಕಿದರು ಅಂತ ಆ ಹೆಣ್ಣುಮಗಳು ಕೆಲಸ ಬಿಟ್ಟಿದ್ದು ನನಗೆ ಸರಿ ಕಾಣಲಿಲ್ಲ. ತಪ್ಪಿಲ್ಲ ಅಂತ ವಿಚಾರಣೆಯಲ್ಲಿ ಗೊತ್ತಾದ ಮೇಲೂ ಅಳುವುದು ಯಾಕೆ? ನಿಂದಕರಿರಬೇಕು ಅಂತ ಪುರಂದರದಾಸರೇ ಹಾಡಿದ್ದಾರೆ. ಊರ ಬಾಯಿಗೆ ಬೀಗ ಹಾಕೋಕಾಗುತ್ತಾ? ಆ ಊರಿನ ಅರ್ಧ ಜನ ನನ್ನ ಶಿಷ್ಯರು, ಕೆಟ್ಟವರಲ್ಲ. ನಿಮ್ಮಂಥ ಪತ್ರಿಕೆಗಳು ಇಂಥದ್ದನ್ನು ದೊಡ್ಡದು ಮಾಡಿ ಜನರನ್ನು ಮೆತ್ತಗೆ ಮಾಡುತ್ತಿವೆ.’

ಮೇಷ್ಟ್ರೇ, ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು ಅನ್ನುವ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ. ಅಕ್ಕಮಹಾದೇವಿಯೂ ಅದನ್ನೇ ಹೇಳಿದ್ದು. ಸ್ತುತಿ ನಿಂದೆ ಬಂದರೆ ಮನದಲ್ಲಿ ಕೋಪ ತಾಳದೆ ಸಮಾಧಾನಿಯಾಗಿರಬೇಕು ಅಂತ. ಆದರೆ ಅಕ್ಕ ಅರಮನೆ ಬಿಟ್ಟು ಹೊರಟವಳು. ದಾಸರು ಇದ್ದದ್ದೆಲ್ಲ ದಾನ ಮಾಡಿ ತಂಬೂರಿ ಹಿಡಿದವರು. ಕಳೆದುಕೊಳ್ಳಲು ಏನೂ ಉಳಿಸಿಕೊಳ್ಳದವರ ಮಾತು ಅದು. ತಿಂಗಳ ಗೌರವಧನದಲ್ಲಿ ಮನೆ ನಡೆಸುವ ಹೆಣ್ಣುಮಗಳ ಮೇಲೆ ಅದನ್ನು ಹೇರುವುದು ನ್ಯಾಯ ಅಲ್ಲ. ಆಕೆಗಿದ್ದ ಆಸ್ತಿ ಒಂದೇ. ತಾಯಂದಿರು ನಂಬಿ ಮಕ್ಕಳನ್ನು ಕಳಿಸುತ್ತಿದ್ದರು. ಅದೇ ಹೋಯಿತು.

ಆ ಮೂಗರ್ಜಿಯ ಪ್ರತಿ ದಾವಣಗೆರೆಯ ನಮ್ಮ ಕಚೇರಿಗೂ ಬಂದಿತ್ತು. ಶಾಲೆ ನೋಟ್‌ಬುಕ್ಕಿನಿಂದ ಕಿತ್ತ ಹಾಳೆ, ನಡುವೆ ಪಿನ್ನಿನ ತೂತು. ನೀಲಿ ಬಾಲ್‌ಪೆನ್, ಎಡಗೈಯಲ್ಲಿ ಬರೆದಂಥ ಅಕ್ಷರ. ಮಕ್ಕಳ ಅಕ್ಕಿ, ಬೇಳೆ, ಬೆಲ್ಲ, ಮೊಟ್ಟೆ ಮಾರಾಟವಾಗುತ್ತಿದೆ ಅಂತ ಮೊದಲ ಪ್ಯಾರಾ. ಎರಡನೇ ಪ್ಯಾರಾದಲ್ಲಿ ಆಕೆಯ ಮನೆಗೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಹೋಗುತ್ತಾರೆ ಅನ್ನುವ ವರ್ಣನೆ. ಕೆಳಗೆ ‘ನೊಂದ ಗ್ರಾಮಸ್ಥರು’. ಇಲಾಖೆಯವರು ಬಂದರು. ಚೀಲ ತೂಗಿದರು, ಮೊಟ್ಟೆ ಎಣಿಸಿದರು, ದಾಸ್ತಾನು ಪುಸ್ತಕಕ್ಕೆ ತಾಳೆ ನೋಡಿದರು. ಎಲ್ಲ ಸರಿಯಿತ್ತು. ಆದರೆ ಎರಡನೇ ಪ್ಯಾರಾವನ್ನು ತೂಗುವ ತಕ್ಕಡಿ ಯಾವ ಇಲಾಖೆಯಲ್ಲಿದೆ? ಊರು ನೆನಪಿಟ್ಟುಕೊಂಡದ್ದು ಅದನ್ನೇ. ಬಾವಿ ಕಟ್ಟೆಯಲ್ಲಿ, ಹಾಲಿನ ಡೇರಿ ಮುಂದೆ ಅದೇ ಮಾತು. ಎದುರಿಗೆ ಮಾತ್ರ ಎಲ್ಲರೂ ‘ಏನಕ್ಕಾ, ಆರಾಮಾ’ ಅಂತ ಕೇಳುತ್ತಿದ್ದರಂತೆ.

ಸಹಿ ಹಾಕಲು ಹೆದರುವ ಬಡವರಿಗೆ ಮೂಗರ್ಜಿ ಒಂದು ದಾರಿ, ಅದರಿಂದ ನಿಜವಾದ ಕಳ್ಳರೂ ಸಿಕ್ಕಿಬಿದ್ದಿದ್ದಾರೆ ಅನ್ನುವವರಿದ್ದಾರೆ. ಇರಬಹುದು. ಕಳ್ಳತನದ ಸುದ್ದಿಗೆ ಎರಡನೇ ಪ್ಯಾರಾ ಯಾಕೆ ಬೇಕು ಅಂತ ಅವರು ಹೇಳಲಿ.

ಗಣೇಶನ ಹಬ್ಬ ಬಂದರೆ ನಿಮ್ಮ ದುರ್ಗದಲ್ಲಿ ಎಂಥ ಸಂಭ್ರಮ! ಚೌತಿ ಚಂದ್ರನನ್ನು ನೋಡಿದವರಿಗೆ ಶಮಂತಕ ಮಣಿಯ ಕಥೆ ಹೇಳುತ್ತೇವೆ. ಆ ಕಥೆಯನ್ನು ಭಾಗವತದಲ್ಲಿ ಒಮ್ಮೆ ನಿಧಾನವಾಗಿ ಓದಿ. ಮಣಿ ಹಾಕಿಕೊಂಡು ಬೇಟೆಗೆ ಹೋದ ಪ್ರಸೇನ ಮರಳಲಿಲ್ಲ. ಕೃಷ್ಣನೇ ಕೊಂದಿರಬೇಕು ಅಂದ ಅವನಣ್ಣ ಸತ್ರಾಜಿತ. ಅವನು ಅಂದದ್ದು ಒಂದು ಸಲ. ಆಮೇಲೆ ಜನ ‘ಕರ್ಣೇ ಕರ್ಣೇ’, ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ, ಜಪ ಮಾಡಿದರು ಅಂತ ಅಲ್ಲಿದೆ. ನಾಯಿ ಬೊಗಳಿದರೆ ದೇವಲೋಕ ಹಾಳೇ ಅಂತ ಕೃಷ್ಣ ಸುಮ್ನೆ ಕೂರಲಿಲ್ಲ. ಊರಿನವರನ್ನೇ ಕರೆದುಕೊಂಡು ಕಾಡಿಗೆ ಹೋದ. ಸತ್ತ ಪ್ರಸೇನ, ಅವನ ಕುದುರೆ, ಇಬ್ಬರನ್ನೂ ಕೊಂದು ಮುಂದೆ ತಾನೂ ಸತ್ತುಬಿದ್ದ ಸಿಂಹ, ಎಲ್ಲವನ್ನೂ ಅವರು ಕಣ್ಣಾರೆ ಕಂಡರು. ಗುಹೆಯೊಳಗೆ ಜಾಂಬವಂತನ ಜೊತೆ 28 ದಿನ ಹೋರಾಟ. ಹೊರಗೆ ಕಾಯುತ್ತಿದ್ದವರು 12 ದಿನಕ್ಕೇ ಎದ್ದು ಹೋಗಿದ್ದರು! ಮಣಿ ತಂದ ಮೇಲೆ ಅದನ್ನು ಮನೆ ಬಾಗಿಲಲ್ಲಿ ಗುಟ್ಟಾಗಿ ಕೊಟ್ಟನೇ? ಇಲ್ಲ. ಸತ್ರಾಜಿತನನ್ನು ರಾಜಸಭೆಗೆ ಕರೆಸಿ, ನಡೆದದ್ದೆಲ್ಲ ಹೇಳಿ, ಎಲ್ಲರೆದುರು ಕೈಗಿಟ್ಟ. ಕೃಷ್ಣನಿಗೇ ಇಷ್ಟೆಲ್ಲ ಬೇಕಾಯಿತು ಮೇಷ್ಟ್ರೇ. ಅಂಗನವಾಡಿಯ ಹೆಣ್ಣುಮಗಳು ಮಾತ್ರ ಕಣ್ಣೊರೆಸಿಕೊಂಡು ಸುಮ್ಮನಿರಬೇಕಾ?

ರಾಮ ಮಾಡಿದ್ದು ಇದಕ್ಕೆ ಪೂರ್ತಿ ಉಲ್ಟಾ. ಅಪವಾದ ಕೇಳಿದವನು ಹೆಂಡತಿಯನ್ನೇ ಕಾಡಿಗೆ ಬಿಡಿಸಿದ. ಅದಕ್ಕೆ ನಾವೆಲ್ಲ ಬೈಯುವುದು ಅಗಸನನ್ನು. ವಾಲ್ಮೀಕಿಯ ಉತ್ತರಕಾಂಡದಲ್ಲಿ ಅಗಸ ಇಲ್ಲವೇ ಇಲ್ಲ! ಭದ್ರ ಎಂಬ ಒಡನಾಡಿಯನ್ನು ರಾಮ ಕೇಳುತ್ತಾನೆ. ಚೌಕಗಳಲ್ಲಿ, ಅಂಗಡಿ ಸಾಲಿನಲ್ಲಿ, ಬೀದಿಯಲ್ಲಿ, ತೋಟದಲ್ಲಿ ಜನ ಹೀಗೆ ಆಡುತ್ತಿದ್ದಾರೆ ಅಂತ ಅವನು ಹೇಳುತ್ತಾನೆ. ಊರಿಗೆ ಊರೇ ಆಡಿದ ಮಾತು. ಆಮೇಲಿನ ಕಥೆಗಳಲ್ಲಿ ಅದು ಒಬ್ಬ ಅಗಸನ ತಲೆಗೆ ಬಂತು. ಸೀತೆಗೆ ಒಂದು ಅಪವಾದ, ಅಗಸನಿಗೆ ಇನ್ನೊಂದು. ಮಡಿವಾಳ ಮಾಚಿದೇವರಂಥ ಶರಣರು ಬದುಕಿದ ನಾಡಿನಲ್ಲಿ ಒಂದು ಕಸುಬಿನವರ ಮೇಲೆಲ್ಲ ಆ ಮಾತು ಕೂತುಬಿಟ್ಟಿತು. ಅಯೋಧ್ಯೆಯ ಅಂಗಡಿ ಸಾಲಿನವರು ಆರಾಮಾಗಿ ಪಾರಾದರು. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಬಸವಣ್ಣನವರನ್ನೂ ಬಿಡಲಿಲ್ಲವಲ್ಲ. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆ ಅಂತ ಕೊಂಡೆಯ ಮಂಚಣ್ಣ ಬಿಜ್ಜಳನ ಕಿವಿಗೆ ಹಾಕಿದ ಕಥೆ ನಿಮಗೆ ಗೊತ್ತು. ‘ಇದಿರ ಹಳಿಯಲು ಬೇಡ’ ಅನ್ನುವ ವಚನವನ್ನು ನಮ್ಮ ಕಡೆ ಶಾಲೆ ಗೋಡೆಗಳ ಮೇಲೆಲ್ಲ ಬರೆಸುತ್ತೇವೆ. ಹಳಿಯುವುದನ್ನು ಕೇಳಿಸಿಕೊಳ್ಳಬೇಡ ಅಂತ ಮಕ್ಕಳಿಗೆ ಹೇಳಿಕೊಟ್ಟವರು ಎಷ್ಟು ಜನ?

ಸಾಹಿತ್ಯದವರು ಇದಕ್ಕೆ ಹೊರತು ಅಂದುಕೊಳ್ಳಬೇಡಿ. ನಮ್ಮ ದಾವಣಗೆರೆಯಲ್ಲಿ ಕವಿಗೋಷ್ಠಿ ಮುಗಿದ ಮೇಲೆ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಕೂತರೆ ಶುರುವಾಗುತ್ತದೆ. ಹೆಣ್ಣುಮಗಳೊಬ್ಬಳ ಪದ್ಯ ಚೆನ್ನಾಗಿತ್ತು ಅಂದರೆ ಸಾಕು, ‘ಅವಳೆಲ್ಲಿ ಬರೀತಾಳೆ, ಗಂಡ ಬರೆದುಕೊಡ್ತಾನೆ’ ಅನ್ನುವವನು ಒಬ್ಬ ಇದ್ದೇ ಇರುತ್ತಾನೆ. ಉಳಿದವರು ನಗುತ್ತಾರೆ. ಆ ನಗು ಇಲ್ಲದಿದ್ದರೆ ಮಾತು ಅಲ್ಲೇ ಸಾಯುತ್ತಿತ್ತು. ಹೊನ್ನಾಳಿ ಕಡೆಯ ಕವಯಿತ್ರಿಯೊಬ್ಬರ ಬಗ್ಗೆ ಇಂಥದ್ದೇ ಹೆಸರಿಲ್ಲದ ಕಾಗದ ನನಗೂ ಬಂತು. ಮುಂದಿನ ಸಂಚಿಕೆಯಲ್ಲಿ ಅವರ ಪದ್ಯಗಳಿಗೆ ಎರಡು ಪೂರ್ತಿ ಪುಟ ಕೊಟ್ಟೆ. ವಿಮರ್ಶೆ ಎಷ್ಟೇ ಖಾರವಾಗಿರಲಿ, ಕೆಳಗೆ ಹೆಸರಿರುತ್ತದೆ, ಯಾವ ಸಾಲು ಸೋತಿದೆ ಅಂತ ಬೆರಳಿಟ್ಟು ತೋರಿಸುತ್ತದೆ. ಅದಕ್ಕೆ ಉತ್ತರ ಕೊಡಬಹುದು. ಪಿಸುಮಾತಿಗೆ ಉತ್ತರ ಕೊಡಲು ಹೋದರೆ ‘ಬೆಂಕಿಯಿಲ್ಲದೆ ಹೊಗೆಯಾಡುತ್ತಾ’ ಅನ್ನುತ್ತಾರೆ. ಆ ಗಾದೆ ಎಷ್ಟು ಮನೆ ಹಾಳು ಮಾಡಿದೆಯೋ!

ಕಾನೂನು ಇದೆಯಲ್ಲ ಅನ್ನುತ್ತೀರಿ. ಇದೆ. 1860ರ ದಂಡಸಂಹಿತೆಯಲ್ಲಿ 499 ಮತ್ತು 500ನೇ ಕಲಮುಗಳಿದ್ದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356 ಬಂದಿದೆ. 2 ವರ್ಷದವರೆಗೆ ಸಾದಾ ಸಜೆ, ದಂಡ, ಇಲ್ಲವೇ ಸಮುದಾಯ ಸೇವೆ. ಮಾನ ಕೂಡ ಬದುಕುವ ಹಕ್ಕಿನ ಭಾಗ ಅಂತ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಆದರೆ ಮಾನಹಾನಿಗೆ ಪೊಲೀಸರು ತಾವಾಗಿ ಕೇಸು ಹಾಕುವುದಿಲ್ಲ. ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ನಿಂತು, ತಮ್ಮ ಬಗ್ಗೆ ಆಡಿದ ಹೊಲಸನ್ನು ತಮ್ಮ ಬಾಯಲ್ಲೇ ಹೇಳಬೇಕು. ಅದೂ ಮೂಗರ್ಜಿ ಬರೆದವನ ಹೆಸರು ಗೊತ್ತಿದ್ದರೆ. ವಕೀಲರನ್ನು ಇಟ್ಟುಕೊಳ್ಳಬಲ್ಲ ದೊಡ್ಡವರು ಇದೇ ಕಲಮು ತೋರಿಸಿ ಪತ್ರಿಕೆಗಳ ಬಾಯಿ ಮುಚ್ಚಿಸುತ್ತಾರೆ.

ಪತ್ರಿಕೆಗಳೇನು ಕಡಿಮೆಯಿಲ್ಲ. ಆರೋಪಕ್ಕೆ ಮುಖಪುಟ, ಫೋಟೊ. ನಿರಪರಾಧಿ ಅಂತ ತೀರ್ಪು ಬಂದ ದಿನ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಟಿವಿಯಲ್ಲಿ ಅದೂ ಇಲ್ಲ. ಈಗಂತೂ ವಾಟ್ಸಾಪ್ ಇದೆ. ಎತ್ತು ಈಯಿತು ಅಂದರೆ ಕರು ಕಟ್ಟಲು ಹಗ್ಗ ಹುಡುಕುವ ಜನ ಹಿಂದೆಯೂ ಇದ್ದರು, ಈಗ ಹಗ್ಗವನ್ನೂ ಫಾರ್ವರ್ಡ್ ಮಾಡುತ್ತಾರೆ. ಕಳಿಸಿದ್ದು ಸುಳ್ಳು ಅಂತ ಗೊತ್ತಾದ ಮೇಲೆ ಅದೇ ಗುಂಪಿಗೆ ‘ತಪ್ಪಾಯಿತು’ ಅಂತ ಹಾಕಿದವರನ್ನು ನೀವು ಕಂಡಿದ್ದೀರಾ?

ನಿಮ್ಮ ಶಿಷ್ಯರು ಕೆಟ್ಟವರಲ್ಲ ಅನ್ನುವುದನ್ನು ನಂಬುತ್ತೇನೆ. ನಿಮ್ಮಂಥ ಮೇಷ್ಟ್ರ ಮಾತಿಗೆ ಆ ಊರಿನಲ್ಲಿ ಬೆಲೆಯಿದೆ, ಅದಕ್ಕೇ ಇಷ್ಟು ಬರೆದೆ. ವಿಚಾರಣಾ ವರದಿಯ ನಕಲು ಆ ಹೆಣ್ಣುಮಗಳ ಹತ್ತಿರ ಇದೆ. ಅವರು ಒಪ್ಪಿದರೆ ಮುಂದಿನ ಗ್ರಾಮಸಭೆಯಲ್ಲಿ ನೀವೇ ಎದ್ದು ನಿಂತು ಅದನ್ನು ಪೂರ್ತಿ ಓದಿ. ಅಧ್ಯಕ್ಷರಿಗೆ ಹೇಳಿ ನಡಾವಳಿ ಪುಸ್ತಕದಲ್ಲಿ ಬರೆಸಿ. ದಿನ ಗೊತ್ತಾದ ಕೂಡಲೇ ಕಚೇರಿಗೆ ಒಂದು ಫೋನ್ ಮಾಡಿ, ನಾನೂ ಬರುತ್ತೇನೆ.

– ಸಂಪಾದಕ